ಅಳಿಯ ತೂಗಿದ ರೇಷ್ಮೆ

ಡಾಕ್ಟರಾದವರು ತಾವು ಡಾಕ್ಟರು ಎಂದರೆ ಸಾಕು, ಎದುರಿಗಿದ್ದವರು ಮಂಡಿ ನೋವಿನಿಂದ ಶುರು ಮಾಡಿ ಮಾವನ ಮೂಲವ್ಯಾಧಿಯವರೆಗೆ ಹೇಳಿ ಮುಗಿಸುತ್ತಾರೆ. ಮೇಷ್ಟ್ರು ಎಂದರೆ ಮಗನ ಮಾರ್ಕ್ಸ್ ಕಾರ್ಡು ಹೊರಗೆ ಬರುತ್ತದೆ. ಅಷ್ಟು ಸಲೀಸಾಗಿ ಒಂದೇ ಮಾತಿನಲ್ಲಿ ಹೇಳಿಬಿಡುವಂಥ ಕೆಲಸ ನನಗೆ ಸಿಗಲಿಲ್ಲ ಎಂಬುದು ನನ್ನ ಜೀವನದ ದೊಡ್ಡ ಕೊರಗು. ನಾನು ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಪರಮಾಣು ತಪಾಸಣಾಧಿಕಾರಿ. ದೇಶದೇಶಗಳ ಅಣುಸ್ಥಾವರಗಳಿಗೆ ಹೋಗುವುದು, ಅವರು ತಮ್ಮಲ್ಲಿ ಇದೆ ಎಂದು ಬರೆದುಕೊಟ್ಟ ಯುರೇನಿಯಂ ನಿಜವಾಗಿಯೂ ಇದೆಯೇ ಎಂದು ಎಣಿಸುವುದು, ತೂಗುವುದು, ಪೆಟ್ಟಿಗೆಗೆ ತಂತಿ ಬಿಗಿದು ಮುದ್ರೆ ಹಾಕಿ ಬರುವುದು, ಮೂರು ತಿಂಗಳು ಬಿಟ್ಟು ಮತ್ತೆ ಹೋಗಿ ನಾನು ಹಾಕಿದ ಮುದ್ರೆ ನಾನು ಹಾಕಿದ ಹಾಗೇ ಇದೆಯೇ ಎಂದು ನೋಡುವುದು. ಯಾರೂ ಕದ್ದುಮುಚ್ಚಿ ಬಾಂಬು ಮಾಡಬಾರದು ಎಂಬ ಘನವಾದ ಉದ್ದೇಶ ಇದರ ಹಿಂದೆ ಇದೆ. ಆದರೆ ಇದನ್ನು ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಕೈಯಲ್ಲೊಂದು ಸೂಟ್‌ಕೇಸು, ಹೆಗಲ ಮೇಲೊಂದು ಬ್ಯಾಗು ಹೊತ್ತು ನಿಂತಿರುವಾಗ ಹೇಳುವುದು ಹೇಗೆ?

ತೊಂಬತ್ತರ ದಶಕದಲ್ಲಿ ನಾನು ರಜೆಗೆ ಬಂದಾಗಲೆಲ್ಲ ಹೇಳಲು ಪ್ರಯತ್ನಿಸುತ್ತಿದ್ದೆ. ನನ್ನ ಅವ್ವ ಮಾತ್ರ ಬಹಳ ಹಿಂದೆಯೇ ಆ ಕಷ್ಟವನ್ನು ತನ್ನ ರೀತಿಯಲ್ಲಿ ಪರಿಹರಿಸಿಕೊಂಡಿದ್ದಳು. "ನನ್ನ ಮಗ ಪರದೇಶದಾಗೆ ಎಲ್ಲಾದುನ್ನೂ ತೂಕ ಹಾಕಿ ಸೀಲ್ ಹೊಡೀತಾನೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಮ್ಮ ಊರಿನಲ್ಲಿ ತೂಕ ಹಾಕಿ ಸೀಲ್ ಹೊಡೆಯುವವರು ಯಾರೆಂದು ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದು ಅಂಗಡಿಯ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸುವ ತೂಕ ಮತ್ತು ಅಳತೆ ಇಲಾಖೆಯವರು. ಹಾಗಾಗಿ ನಾನು ಸಂತೆಯಲ್ಲಿ ಬದನೆಕಾಯಿ ಕೊಳ್ಳಲು ನಿಂತರೆ ತರಕಾರಿಯವಳು ಒಂದು ಕೆ.ಜಿ.ಗೆ ಒಂದೂಕಾಲು ತೂಗಿ, ಮೇಲೆ ಕೊತ್ತಂಬರಿ ಹಾಕಿ, "ನೋಡ್ಕಳ್ರಿ ಸ್ವಾಮೀ, ನಮ್ದು ಸರಿಗೈತೆ" ಎಂದು ಕೈ ಮುಗಿಯುತ್ತಿದ್ದಳು. ಅಲ್ಲಮ್ಮಾ, ನಾನು ಆ ಇಲಾಖೆಯವನಲ್ಲ, ಅಣುಶಕ್ತಿ ಎಂದರೆ, "ಆತು ಬಿಡ್ರಿ, ಯಾವ ಇಲಾಖೆ ಆದ್ರೇನು" ಎಂದು ಇನ್ನೆರಡು ಬದನೆಕಾಯಿ ಹಾಕುತ್ತಿದ್ದಳು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬದನೆಕಾಯಿ ಚೆನ್ನಾಗಿರುತ್ತಿದ್ದವು ಎಂಬ ಕಾರಣಕ್ಕೆ ಸುಮ್ಮನಾದೆ.

ನಿಜ ಹೇಳಬೇಕೆಂದರೆ ನನ್ನ ಕೆಲಸದಲ್ಲಿ ಜನ ಊಹಿಸುವಷ್ಟು ರೋಮಾಂಚನವಿಲ್ಲ. ಸ್ಥಾವರದೊಳಗೆ ನಾವು ಗೋಡೆಗೆ ಕ್ಯಾಮೆರಾ ಹಾಕಿ ಬರುತ್ತೇವೆ. ಅದು ಮೂರು ತಿಂಗಳು ಕೆಲವು ನಿಮಿಷಕ್ಕೊಂದರಂತೆ ಖಾಲಿ ಹಜಾರದ ಫೋಟೋ ತೆಗೆಯುತ್ತದೆ. ನಾನು ಆಫೀಸಿಗೆ ಹಿಂತಿರುಗಿ ಆ ಸಾವಿರಾರು ಫೋಟೋಗಳನ್ನು ಒಂದೊಂದಾಗಿ ನೋಡಿ, ಏನೂ ನಡೆದಿಲ್ಲ ಎಂದು ಬರೆದು ಸಹಿ ಹಾಕಬೇಕು. ಒಮ್ಮೆ ಒಂದು ಫೋಟೋದಲ್ಲಿ ಏಣಿ ಕಾಣಿಸಿತು. ಎಂಥ ಸಂಭ್ರಮ ಅಂತೀರಿ. ನಾಲ್ಕು ಜನ ಸೇರಿ ಎರಡು ದಿನ ಚರ್ಚೆ ಮಾಡಿದೆವು. ಕೊನೆಗೆ ಬಲ್ಬು ಬದಲಾಯಿಸಲು ಬಂದವನು ಮರೆತು ಬಿಟ್ಟು ಹೋದದ್ದು ಎಂದು ತಿಳಿಯಿತು. ಇಂಥ ಕೆಲಸವನ್ನು ಹದಿಮೂರು ವರ್ಷ ಮಾಡಿದವನ ತಲೆ ಯಾವ ಸ್ಥಿತಿಯಲ್ಲಿರುತ್ತದೆ ಎಂದು ನೀವೇ ಯೋಚಿಸಿ. ಮನೆಯಲ್ಲಿ ಬಿಸ್ಕತ್ತು ಡಬ್ಬಿ ತೆರೆದರೂ ನನ್ನ ಕಣ್ಣು ಎಣಿಸುತ್ತದೆ. "ನಿನ್ನೆ ಹನ್ನೊಂದು ಇತ್ತಲ್ಲ" ಎಂದು ಬಾಯಿ ಕೇಳಿಬಿಡುತ್ತದೆ. ನನ್ನ ಹೆಂಡತಿ ಸರೋಜ ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಸರೋಜಳ ತೌರು ಮೊಳಕಾಲ್ಮೂರು. ತಲೆತಲಾಂತರದಿಂದ ರೇಷ್ಮೆ ನೇಯುವ ಮನೆ. ನಮ್ಮ ತಾತನದೂ ಅದೇ ಕುಲಕಸುಬು, ಆದರೆ ಆತ ಮಗ್ಗ ಬಿಟ್ಟು ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲು ಸೇರಿದ್ದರಿಂದ ನನಗೆ ಲಾಳಿಯ ಯಾವ ತುದಿ ಮುಂದೆ ಯಾವುದು ಹಿಂದೆ ಎಂದೂ ಗೊತ್ತಿರಲಿಲ್ಲ. ನಾನು ಹೇಳಹೊರಟ ವರ್ಷ ನಾವು ಮೊಳಕಾಲ್ಮೂರಿಗೆ ಬಂದದ್ದು ಸರೋಜಳ ಅಣ್ಣ ನಾಗರಾಜನ ಮಗಳು ಗೀತಾಳ ಮದುವೆಗೆ. ಆ ಮನೆಯಲ್ಲೊಂದು ಪದ್ಧತಿಯಿದೆ. ಮದುವೆ ಹುಡುಗಿ ಧಾರೆಗೆ ಉಡುವ ಸೀರೆ ಮನೆಯ ಮಗ್ಗದಲ್ಲೇ ಇಳಿಯಬೇಕು. ಅಂಗಡಿಯ ಸೀರೆ ಉಡಿಸಿದರೆ, ನೇಯುವವರ ಮನೆಯಲ್ಲಿ ನೂಲಿಗೆ ಬರ ಬಂತೇ ಎಂದು ಬೀಗರು ಕೇಳುತ್ತಾರೆ, ಕೇಳದಿದ್ದರೂ ಹಾಗಂದುಕೊಳ್ಳುತ್ತಾರೆ. ಗೀತಾ ತನಗೆ ನೇರಳೆ ಮೈ, ಅರಿಶಿನದ ಅಂಚು ಬೇಕೆಂದು ಹೇಳಿದ್ದಳು. ಹಾಗೆ ಎರಡು ಬಣ್ಣ ಕೂಡಿಸಿ ಅಂಚು ನೇಯಬಲ್ಲವರು ಆ ಬೀದಿಯಲ್ಲಿ ಒಬ್ಬರೇ, ಓಬಣ್ಣ. ಮೂವತ್ತು ವರ್ಷದಿಂದ ನಾಗರಾಜನ ಮನೆಯ ಗುಂಡಿಮಗ್ಗದಲ್ಲಿ ಕೂತವರು. ಅಂಚಿನ ಲಾಳಿಯನ್ನು ಆ ಬದಿಯಿಂದ ಎಸೆಯಲು ಅವರ ಹೆಂಡತಿ ತಿಪ್ಪಮ್ಮ. ಗಂಡ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಉಳಿದ ಮಾತನ್ನೆಲ್ಲ ತಿಪ್ಪಮ್ಮ ಕನ್ನಡ ತೆಲುಗು ಎರಡರಲ್ಲೂ ಆಡಿ ಮುಗಿಸುತ್ತಿದ್ದಳು.

ಮದುವೆಗೆ ಹನ್ನೊಂದು ದಿನವಿತ್ತು. ನಾಗರಾಜ ಮತ್ತು ಸರೋಜ ಲಗ್ನಪತ್ರಿಕೆ ಹಂಚಲು ಬೆಳಿಗ್ಗೆಯೇ ಕೊಂಡ್ಲಹಳ್ಳಿಯ ಕಡೆ ಹೋಗಿದ್ದರು. ಅಳಿಯನಾದವನು ಅತ್ತೆಮನೆಯಲ್ಲಿ ನೀರಿನ ಚೊಂಬನ್ನೂ ಎತ್ತಿಡಬಾರದು ಎಂಬುದು ಅಲ್ಲಿಯ ಮರ್ಯಾದೆ. ನಾನು ಎದ್ದರೆ ಕೂರಿಸುತ್ತಿದ್ದರು, ಕೂತರೆ ಚಕ್ಕುಲಿ ಕೊಡುತ್ತಿದ್ದರು. ಮೂರು ದಿನ ಹೀಗೆ ಕೂತು ತಿಂದದ್ದರಿಂದ ನನ್ನ ಕೈ ಕೆಲಸಕ್ಕೆ ಹಾತೊರೆಯುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಒಂದು ಚೀಟಿ. ನಾಗರಾಜನ ಕೈಬರಹ. ಗೀತಾ ಸೀರೆ, ಹೊಕ್ಕಿಗೆ ರೇಷ್ಮೆ ನಾನೂರು ಗ್ರಾಂ, ಓಬಣ್ಣನ ಕೈಗೆ ಕೊಟ್ಟಿದೆ. ಹೊಕ್ಕು ಎಂದರೆ ಅಡ್ಡ ನೂಲು ಎನ್ನುವಷ್ಟು ನನಗೂ ಗೊತ್ತಿತ್ತು. ಹಾಸಿನ ಉದ್ದ ನೂಲು ಆಗಲೇ ಮಗ್ಗದ ಮೇಲಿತ್ತು. ಹೊಕ್ಕಿನ ರೇಷ್ಮೆ ಬಣ್ಣ ಹಾಕಿಸಿಕೊಂಡು ನೇರಳೆ ಲಡಿಗಳಾಗಿ, ಎಂದರೆ ನೂಲಿನ ಕಟ್ಟುಗಳಾಗಿ, ಹಿತ್ತಲ ಬಿದಿರ ಗಳದ ಮೇಲೆ ಒಣಗಿ ನಿಂತಿತ್ತು. ಪಕ್ಕದಲ್ಲೇ ತಕ್ಕಡಿ. ಬರೆದ ಲೆಕ್ಕ, ಎದುರಿಗೆ ಸರಕು, ಕೈಗೆಟುಕುವಷ್ಟು ದೂರದಲ್ಲಿ ತಕ್ಕಡಿ. ಹದಿಮೂರು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ?

ನನ್ನ ತಪಾಸಣೆ ಬಹಳ ಶಾಸ್ತ್ರೋಕ್ತವಾಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೊದಲು ತಕ್ಕಡಿ ಸಮವಾಗಿದೆಯೇ ಎಂದು ಎರಡೂ ತಟ್ಟೆಯ ಕಲ್ಲು ಅದಲುಬದಲು ಮಾಡಿ ನೋಡಿದೆ. ಗಾಳಿ ತಾಗದಂತೆ ಲಡಿ, ತಕ್ಕಡಿ ಎರಡನ್ನೂ ಒಳಗೆ ತಂದು ಬಾಗಿಲು ಹಾಕಿದೆ. ಲಡಿಗಳು ಪೂರ್ತಿ ಒಣಗಿವೆಯೇ ಎಂದು ಕೆನ್ನೆಗೆ ಒತ್ತಿ ನೋಡಿದೆ. ಮೂರು ಸಲ ತೂಗಿ ಸರಾಸರಿ ತೆಗೆದೆ. ಮುನ್ನೂರ ಎರಡು ಗ್ರಾಂ. ನಾನೂರರಲ್ಲಿ ತೊಂಬತ್ತೆಂಟು ಗ್ರಾಂ ಇಲ್ಲ. ನೂರಕ್ಕೆ ಇಪ್ಪತ್ನಾಲ್ಕು ಪಾಲು ಕಾಣೆ. ನನ್ನ ವೃತ್ತಿಯಲ್ಲಿ ನೂರಕ್ಕೆ ಒಂದು ಪಾಲು ಕಾಣೆಯಾದರೆ ರಾಯಭಾರಿಗಳು ವಿಮಾನ ಹತ್ತುತ್ತಾರೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆ ಗಳಿಗೆಯಲ್ಲಿ ನನಗಾದದ್ದು ಖುಷಿ. ಹದಿಮೂರು ವರ್ಷ ಖಾಲಿ ಹಜಾರದ ಫೋಟೋ ನೋಡಿದವನಿಗೆ ಕೊನೆಗೂ ಒಂದು ವ್ಯತ್ಯಾಸ ಸಿಕ್ಕಿತ್ತು.

ನಾನು ನೇರವಾಗಿ ಮಗ್ಗದ ಕೋಣೆಗೆ ಹೋದೆ. ಓಬಣ್ಣ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಸೀರೆಯ ಮೊದಲ ಗೇಣು ನೇಯುತ್ತಿದ್ದರು. ತಿಪ್ಪಮ್ಮ ಎಡಬದಿಯಲ್ಲಿ. ಚಳ್ಳಕೆರೆಯಿಂದ ಜರಿ ತಂದಿದ್ದ ವ್ಯಾಪಾರಿ ಸತ್ತಾರ್ ಸಾಬರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನಾನು ವಿದೇಶದ ಸ್ಥಾವರಗಳಲ್ಲಿ ಬಳಸುವ ಅತ್ಯಂತ ಸಭ್ಯವಾದ ದನಿಯಲ್ಲಿ, "ಓಬಣ್ಣನವರೇ, ನಿಮಗೆ ಕೊಟ್ಟ ರೇಷ್ಮೆ ನಾನೂರು ಗ್ರಾಂ. ಈಗಿರುವುದು ಮುನ್ನೂರ ಎರಡು. ಉಳಿದದ್ದರ ಬಗ್ಗೆ ದಯವಿಟ್ಟು ವಿವರಣೆ ಕೊಡ್ತೀರಾ?" ಎಂದು ಕೇಳಿದೆ.

ಲಾಳಿ ನಿಂತಿತು. ಓಬಣ್ಣ ನನ್ನ ಮುಖವನ್ನು ನೋಡಿದರು, ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿದರು. ಎರಡೂ ಕೈ ಊರಿ ಗುಂಡಿಯಿಂದ ಮೇಲೆದ್ದು, ಮಗ್ಗದ ಮೇಲೆ ಹಳೆಯ ಪಂಚೆ ಹೊದಿಸಿದರು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡರು. ಟವೆಲು ಹೆಗಲಿಗೆ ಹಾಕಿಕೊಂಡು ಬೀದಿಗಿಳಿದು ಹೊರಟುಹೋದರು. ತಿಪ್ಪಮ್ಮನೂ ಎದ್ದಳು. ಎಂದೂ ಮಾತು ನಿಲ್ಲಿಸದವಳು ಅವತ್ತು ತೆಲುಗಿನಲ್ಲೂ ಏನೂ ಹೇಳದೆ ಹೋದಳು. ಅದು ನನ್ನನ್ನು ಹೆಚ್ಚು ಹೆದರಿಸಿತು.

ಸತ್ತಾರ್ ಸಾಬರು ಟೀ ಲೋಟ ಕೆಳಗಿಟ್ಟರು. "ಕ್ಯಾ ಸಾಬ್, ಏನ್ ಮಾಡಿಬಿಟ್ರಿ" ಎಂದು ಮೆಲ್ಲಗೆ ಹೇಳಿದರು. "ರೇಷ್ಮೆ ಹಸೀದು ಇರೋವಾಗ ಮೈತುಂಬ ಅಂಟು ಇರ್ತೈತೆ. ಹುಳ ಗೂಡು ಕಟ್ಟೋವಾಗಿನ ಅಂಟು. ಸೋಪು ಸೋಡಾ ಹಾಕಿ ಕುದಿಸ್ದಾಗ ಅದು ನೀರಾಗೆ ಹೋಗ್ತೈತೆ. ಕಾಲ್ಭಾಗ ತೂಕ ಹೋಗೋದು ಗ್ಯಾರಂಟಿ. ಆಮೇಲೇನೇ ಬಣ್ಣ ಹಿಡಿಯೋದು, ಹೊಳಪು ಬರೋದು. ಇದು ಈ ಬೀದೀಲಿ ತೊಟ್ಲಾಗಿರೋ ಕೂಸಿಗೂ ಗೊತ್ತು. ನಿಮ್ಗೆ ಗೊತ್ತಿಲ್ವಾ?" ನನಗೆ ಗೊತ್ತಿರಲಿಲ್ಲ. ಅವರು ಮತ್ತೆ, "ಮೂವತ್ತು ವರ್ಷದಾಗೆ ಆ ಮನುಷ್ಯನ್ನ ಯಾರೂ ಈ ಮಾತು ಕೇಳಿಲ್ಲ ಸಾಬ್. ಅದೂ ನನ್ನ ಎದುರಿಗೆ, ಹೊರಗಿನವ್ನ ಎದುರಿಗೆ ಕೇಳಿಬಿಟ್ರಿ" ಎಂದರು. ನಾನು ಹೋಗಿ ಚೀಟಿಯನ್ನು ಮತ್ತೆ ಅದೇ ಮೊಳೆಗೆ ಸಿಕ್ಕಿಸಿದೆ.

ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ವಿಷಯ. ನಮ್ಮ ವೃತ್ತಿಯಲ್ಲಿ ಹೊಸಬರಿಗೆ ಕಲಿಸುವ ಮೊದಲನೇ ಪಾಠವೇ ಇದು. ಕಾರ್ಖಾನೆಗೆ ಹಾಕಿದ್ದಷ್ಟೂ ಹೊರಗೆ ಬರುವುದಿಲ್ಲ. ಸ್ವಲ್ಪ ಪೈಪಿನ ಒಳಗೋಡೆಗೆ ಅಂಟಿರುತ್ತದೆ, ಸ್ವಲ್ಪ ತೊಳೆದ ನೀರಿನಲ್ಲಿ ಹೋಗಿರುತ್ತದೆ. ತೂಗುವ ಮೊದಲು ಅಲ್ಲಿ ಕೆಲಸ ಮಾಡುವವರನ್ನು ಕೂರಿಸಿಕೊಂಡು, ಯಾವ ಹಂತದಲ್ಲಿ ಏನು ನಷ್ಟವಾಗುತ್ತದೆ ಎಂದು ಕೇಳಬೇಕು. ಈ ಪಾಠವನ್ನು ನಾನೇ ಐದು ವರ್ಷ ಹೊಸಬರಿಗೆ ಹೇಳಿಕೊಟ್ಟಿದ್ದೆ, ಅದಕ್ಕೆ ಬೋರ್ಡಿನ ಮೇಲೆ ಚಿತ್ರ ಬೇರೆ ಬರೆಯುತ್ತಿದ್ದೆ. ಕೋಟು ಹಾಕಿದ ಇಂಜಿನಿಯರನ ಮುಂದೆ ನೆನಪಾಗುತ್ತಿದ್ದ ಆ ಪ್ರಶ್ನೆ ಬನಿಯನ್ನು ಹಾಕಿದ ಓಬಣ್ಣನ ಮುಂದೆ ಯಾಕೆ ನೆನಪಾಗಲಿಲ್ಲ ಎಂದು ಯೋಚಿಸಿದರೆ ಬರುವ ಉತ್ತರ ನನಗೆ ಇವತ್ತಿಗೂ ಹಿಡಿಸುವುದಿಲ್ಲ.

ಮಧ್ಯಾಹ್ನ ನಾಗರಾಜ ಮತ್ತು ಸರೋಜ ಬಂದರು. ವಿಷಯ ಅವರಿಗೆ ಬಸ್ಸಿಳಿದ ಕೂಡಲೇ ಗೊತ್ತಾಗಿತ್ತು. ನಾಗರಾಜ ಅಳಿಯನನ್ನು ಬೈಯುವಂತಿಲ್ಲ. "ಇರ್ಲಿ ಬಿಡ್ರಿ ಭಾವ, ಗೊತ್ತಿಲ್ದೆ ಆತು" ಎಂದು ಹೇಳಿ ಓಬಣ್ಣನ ಮನೆಗೆ ಹೋದ. ಅರ್ಧ ಗಂಟೆಯಲ್ಲಿ ಬರಿಗೈಯಲ್ಲಿ ಬಂದ. "ಬರಲ್ವಂತೆ. ತೂಕ ಸರಿ ಇರೋರ ಕೈಲಿ ನೇಯಿಸ್ಕಳ್ರಿ ಅಂದ" ಎಂದು ಚಪ್ಪಲಿ ಬಿಟ್ಟು ಕೂತ. ಗೀತಾ ಒಳಗಿನಿಂದ ಬಂದು ನನ್ನ ಮುಂದೆ ನಿಂತು, "ಮಾವ, ನಾನು ಅಂಗಡಿ ಸೀರೆ ಉಡಲ್ಲ, ಹೇಳಿದೀನಿ" ಎಂದು ಕಣ್ಣು ತುಂಬಿಕೊಂಡಳು. ಸರೋಜ ಗೋಡೆಯ ಮೇಲಿದ್ದ ತನ್ನ ಅಪ್ಪನ ಫೋಟೋವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಅಡುಗೆಮನೆಗೆ ಹೋದಳು. ಎಷ್ಟೋ ದೇಶಗಳು ನನ್ನ ಮೇಲೆ ಬರೆದ ದೂರುಗಳನ್ನೆಲ್ಲ ಒಟ್ಟು ಸೇರಿಸಿದರೂ ಆ ನೋಟದಷ್ಟು ಕೆಟ್ಟದಾಗಿರಲಿಲ್ಲ.

ಸಂಜೆ ನಾನೇ ಓಬಣ್ಣನ ಮನೆಗೆ ಹೋದೆ. ತಿಪ್ಪಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನನ್ನು ಕಂಡು ಒಳಗೆ ತಿರುಗಿ, "ಅಲ್ಲುಡುಗಾರು ಒಚ್ಚಿನಾರು" ಎಂದು ತೆಲುಗಿನಲ್ಲಿ ಅಳಿಯಂದಿರು ಬಂದ ಸುದ್ದಿ ಮುಟ್ಟಿಸಿದಳು. ಆಮೇಲೆ ಕನ್ನಡಕ್ಕೆ ಬಂದು, "ಮನೇಲಿ ಪಾತ್ರೆಪಗಡಿ ಎಲ್ಲ ಅದಾವೆ, ಎಣಿಸ್ಕಂಡೇ ಕೂತ್ಕಳ್ರಿ" ಎಂದಳು. ನಾನು ಚಾಪೆಯ ಮೇಲೆ ಕೂತು, ತಪ್ಪಾಯಿತು ಎಂದೆ. ಓಬಣ್ಣ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದರು. ಎಲೆಗೆ ಸುಣ್ಣ ಹಚ್ಚುತ್ತ, "ನಿಮ್ ಕೆಲಸದಾಗೆ ಎಲ್ಲಾರ್ನೂ ಹಿಂಗೇ ಕೇಳ್ತೀರೇನು?" ಎಂದರು. ಇಲ್ಲ, ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಕೇಳ್ತೀವಿ, ಆಮೇಲೆ ತೂಗ್ತೀವಿ ಎಂದೆ. "ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?" ಎಂದರು. ಕೇಳಬೇಕಿತ್ತು, ಕೇಳಲಿಲ್ಲ, ಅದೇ ನನ್ನ ತಪ್ಪು ಎಂದೆ. ಆಗ ಅವರು ಅಡಿಕೆ ಬಾಯಿಗೆ ಹಾಕಿಕೊಂಡು, "ಬೆಳಿಗ್ಗೆ ನಾಗರಾಜನ ಹಿತ್ಲಿಗೆ ಬರ್ತೀನಿ. ನೂರು ಗ್ರಾಂ ಹಸೀ ರೇಷ್ಮೆ ನೀವೇ ತೂಗಿ, ನೀವೇ ಕುದಿಸ್ರಿ. ನಾನು ಮುಟ್ಟಾಕಿಲ್ಲ. ಆಮೇಲೆ ಮಾತಾಡಾಣ" ಎಂದರು.

ಮರುದಿನ ಬೆಳಿಗ್ಗೆ ನಾನು ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕೂತೆ. ನೀರಿನ ಚೊಂಬೂ ಎತ್ತಬಾರದ ಅಳಿಯ ಹಂಡೆಯಲ್ಲಿ ಸೋಪಿನ ನೀರು ಕುದಿಸುತ್ತಿದ್ದಾನೆಂಬ ಸುದ್ದಿ ಬೀದಿಗೆಲ್ಲ ಹರಡಿ, ಹಿತ್ತಲ ಗೋಡೆಯ ಮೇಲೆ ತಲೆಗಳು ಸಾಲಾಗಿ ಎದ್ದವು. ರೇಷ್ಮೆ ಕುದಿಸುವಾಗ ಏಳುವ ವಾಸನೆ ಸುವಾಸನೆಯೇನಲ್ಲ. ಹೊಗೆಗೆ ಕಣ್ಣು ಉರಿಯುತ್ತಿತ್ತು. ಲಡಿಗಳನ್ನು ಕೋಲಿಗೆ ಹಾಕಿ ತಿರುಗಿಸುತ್ತಿರಬೇಕು, ನಿಲ್ಲಿಸಿದರೆ ಗಂಟಾಗುತ್ತದೆ. ಒಂದು ಸಲ ನಿಲ್ಲಿಸಿದೆ, ಗೋಡೆಯ ಮೇಲಿನಿಂದ ಐದಾರು ಸಲಹೆ ಒಟ್ಟಿಗೆ ಬಂದವು. ಒಂದು ಗಂಟೆಯ ಹೊತ್ತಿಗೆ ಒರಟಾಗಿ ಹುಲ್ಲಿನಂತಿದ್ದ ನೂಲು ಕೈಯಲ್ಲಿ ಜಾರುವಷ್ಟು ಮೆತ್ತಗಾಗಿತ್ತು. ಹಿಂಡಿ, ಜಾಲಿಸಿ, ಒಣಗಿಸಿ, ಮಧ್ಯಾಹ್ನ ಎಲ್ಲರ ಮುಂದೆ ತೂಗಿದೆ. ಎಪ್ಪತ್ತಾರು ಗ್ರಾಂ.

"ಇಪ್ಪತ್ನಾಲ್ಕು ಗ್ರಾಂ ಕಮ್ಮಿ ಐತಲ್ಲ" ಎಂದಳು ತಿಪ್ಪಮ್ಮ, ಸೊಂಟದ ಮೇಲೆ ಕೈಯಿಟ್ಟು. "ಎಲ್ಲಿಟ್ರಿ ಅಳಿಯಂದ್ರೇ? ಪಂಚೆ ಗಂಟಿನಾಗೆ ಸಿಕ್ಕಿಸ್ಕಂಡ್ರಾ? ದಯವಿಟ್ಟು ಇವರಣೆ ಕೊಡ್ತೀರಾ?"

ಗೋಡೆಯ ಮೇಲಿನ ತಲೆಗಳೆಲ್ಲ ನಕ್ಕವು. ನಾಗರಾಜನೂ ನಕ್ಕ, ಸರೋಜ ಸೆರಗು ಬಾಯಿಗೆ ಅಡ್ಡ ಹಿಡಿದಳು. ಹದಿಮೂರು ವರ್ಷ ಪ್ರಶ್ನೆ ಕೇಳುವ ಕಡೆಯೇ ಕೂತಿದ್ದವನಿಗೆ ಉತ್ತರ ಹೇಳುವ ಕಡೆ ನಿಂತರೆ ಮುಖ ಎಲ್ಲಿಡಬೇಕೆಂದು ತಿಳಿಯುವುದಿಲ್ಲ ಎಂದು ಅವತ್ತು ಗೊತ್ತಾಯಿತು. ನಾನು ತಪ್ಪು ಮಾಡಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು, ಆದರೂ ಕೈ ತನ್ನಷ್ಟಕ್ಕೆ ಪಂಚೆಯ ಗಂಟನ್ನು ಮುಟ್ಟಿ ನೋಡಿಕೊಂಡಿತು. ಓಬಣ್ಣ ನಗಲಿಲ್ಲ. ನಾನು ಕುದಿಸಿದ ಲಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಬೆಂದೈತೆ, ಪರವಾಗಿಲ್ಲ" ಎಂದರು. ನಂತರ ಒಳಗೆ ಹೋಗಿ ಮಗ್ಗದ ಮೇಲಿನ ಪಂಚೆ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಲಾಳಿಯ ಸದ್ದು ಕೇಳಿಸಿತು. ಗೀತಾ ಓಡಿ ಹೋಗಿ ಬಾಗಿಲಲ್ಲಿ ನಿಂತಳು.

ಮುಂದಿನ ಒಂಬತ್ತು ದಿನ ನಾನು ಆ ಕೋಣೆಯಲ್ಲೇ ಇರುತ್ತಿದ್ದೆ. ಕೇಳಬೇಕಾಗಿದ್ದ ಪ್ರಶ್ನೆಗಳನ್ನೆಲ್ಲ ತಡವಾಗಿಯಾದರೂ ಕೇಳಿದೆ. ಓಬಣ್ಣ ದಿನದ ಹತ್ತು ಮಾತಿನಲ್ಲಿ ಏಳನ್ನು ನನಗೇ ಖರ್ಚು ಮಾಡಿದರು. ಮದುವೆಗೆ ಒಂದು ದಿನ ಮುಂಚೆ ಸೀರೆ ಮಗ್ಗದಿಂದ ಇಳಿಯಿತು. ನೇರಳೆಗೆ ಅರಿಶಿನ ಕೂಡಿದ ಕಡೆ ಒಂದು ಎಳೆಯೂ ಆಚೀಚೆ ಆಗಿರಲಿಲ್ಲ. ಓಬಣ್ಣ ಅದನ್ನು ಮಡಿಸಿ, ಮಗ್ಗದಲ್ಲಿ ಉಳಿದ ತುಂಡು ನೂಲು, ಲಾಳಿಯೊಳಗೆ ನೂಲು ಸುತ್ತಿಡುವ ಕಂಡಿಕೆಯ ಕೊನೆಯ ಎಳೆಗಳನ್ನೆಲ್ಲ ಒಂದು ಕರವಸ್ತ್ರದಲ್ಲಿ ಗಂಟು ಕಟ್ಟಿ, ಎರಡನ್ನೂ ನನ್ನ ಮುಂದಿಟ್ಟು, "ತೂಗ್ರಿ" ಎಂದರು. ಬೇಡ ಓಬಣ್ಣ, ಸಾಕು ಎಂದೆ. "ಇಲ್ಲ, ತೂಗ್ರಿ" ಎಂದರು.

ಹಾಸಿನ ತೂಕ, ಬೆಂದ ಹೊಕ್ಕಿನ ತೂಕ, ಸತ್ತಾರ್ ಸಾಬರು ತಂದ ಜರಿಯ ತೂಕ ಎಲ್ಲವನ್ನೂ ಆ ಒಂಬತ್ತು ದಿನದಲ್ಲಿ ಕೇಳಿ ಅದೇ ಚೀಟಿಗೆ ಸೇರಿಸಿದ್ದೆ. ಕೂಡಿಸಿದೆ. ಸೀರೆ, ಗಂಟು ಎರಡನ್ನೂ ತೂಗಿದೆ. ಮತ್ತೊಮ್ಮೆ ತೂಗಿದೆ. ಹದಿನೆಂಟು ಗ್ರಾಂ ಜಾಸ್ತಿ ಬಂತು. ನಮ್ಮ ಕೆಲಸದಲ್ಲಿ ಕಮ್ಮಿ ಬಂದರೆ ಗಾಬರಿ, ಜಾಸ್ತಿ ಬಂದರೆ ಇನ್ನೂ ಗಾಬರಿ, ಏಕೆಂದರೆ ಇಲ್ಲದ ಸರಕು ಎಲ್ಲಿಂದ ಬಂತು? ಆದರೆ ನನಗೂ ಬುದ್ಧಿ ಬಂದಿತ್ತು. ಚೀಟಿ ಕೆಳಗಿಟ್ಟು, "ಓಬಣ್ಣ, ಇದು ಹೇಗಾಗುತ್ತೆ ಅಂತ ಸ್ವಲ್ಪ ಹೇಳಿಕೊಡಿ" ಎಂದು ಕೇಳಿದೆ.

ಓಬಣ್ಣ ತಿಪ್ಪಮ್ಮನ ಕಡೆ ನೋಡಿದರು. ಅವಳು ಮಡಿಸಿದ ಸೀರೆಯ ಸೆರಗು ಬಿಡಿಸಿ ತೋರಿಸಿದಳು. ಗೀತಾ ಕೇಳಿದ ಮಾದರಿಯಲ್ಲಿ ಇಲ್ಲದ, ನೇಯುವಾಗ ನೋಡಿಯೂ ನಾನು ಮಾದರಿಯದೇ ಎಂದುಕೊಂಡಿದ್ದ ಒಂದು ಸಾಲು ಗಿಳಿಗಳು ಸೆರಗಿನ ಅಂಚಿನುದ್ದಕ್ಕೂ ಕೂತಿದ್ದವು. "ಆ ಜರಿ ನಮ್ದು" ಎಂದಳು. "ಸತ್ತಾರ್ ಸಾಬ್ರ ತಾವ ನಾವೇ ಬ್ಯಾರೆ ತಗಂಡಿದ್ವಿ. ಈ ಹುಡುಗಿ ಹುಟ್ಟಿದ್ ದಿನ ಇದೇ ಮಗ್ಗದ ಕೋಣೇಲಿ ನನ್ ತೊಡೆ ಮ್ಯಾಲೆ ಮಲಗಿಸ್ಕಂಡಿದ್ದೆ. ಅವಳ ಸೀರ್ಯಾಗೆ ನಮ್ದೂ ಒಂದಿಷ್ಟು ಇರ್ಲಿ ಅಂತ." ಸೀರೆ ನೋಡಲು ಬಂದು ನಿಂತಿದ್ದ ಗೀತಾ ಅವಳನ್ನು ತಬ್ಬಿಕೊಂಡಳು. ಇಂಥ ಮನುಷ್ಯರನ್ನು ನಾನು ನೂರು ಗ್ರಾಮಿಗೆ ಹಿಡಿಯಲು ಹೊರಟಿದ್ದೆ. ಚೀಟಿಯಲ್ಲಿ ಹದಿನೆಂಟು ಗ್ರಾಮನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ.

ಮದುವೆಯ ದಿನ ಛತ್ರದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ಕಡೆ ಕೈ ತೋರಿಸಿ, ಅವರು ಯಾರು ಎಂದು ಓಬಣ್ಣನನ್ನು ಕೇಳುತ್ತಿದ್ದರು. ಓಬಣ್ಣ ಎಲೆಯಡಿಕೆ ಮೆಲ್ಲುತ್ತ, "ನಮ್ಮನೆ ಅಳಿಯಂದ್ರು. ತೂಕ ಅಳತೆ ಇಲಾಖೆ" ಎಂದರು. ಅಡಿಕೆಯನ್ನು ಇನ್ನೊಂದು ದವಡೆಗೆ ದೂಡಿ, "ಒಳ್ಳೇ ಮನುಷ್ಯ. ಕೆಲಸ ಇನ್ನೂ ಕಲೀತಾವ್ರೆ" ಎಂದು ಸೇರಿಸಿದರು. ಇಲಾಖೆಯನ್ನು ತಿದ್ದಲು ಬಾಯಿ ತೆರೆದವನು ಎರಡನೆಯ ಮಾತು ಕೇಳಿ ಮುಚ್ಚಿಕೊಂಡೆ. ಆ ಹಿರಿಯರು ನೇರವಾಗಿ ನನ್ನ ಹತ್ತಿರ ಬಂದು, "ಸ್ವಾಮಿ, ಚೂರು ಅಡುಗೆಮನೆಗೆ ಬರ್ರಿ. ಸಾರಿಗೆ ಹತ್ತು ಕೆ.ಜಿ. ಬೇಳೆ ಕೊಟ್ಟಿದೀವಿ, ಹಂಡ್ಯಾಗೆ ಇಪ್ಪತ್ತು ಕೆ.ಜಿ. ಮೇಲೈತೆ ಅಂತಾನೆ ಅಡುಗೆಯೋನು. ಏನೋ ಬೆರಕೆ ಮೋಸ ಐತೆ, ನೀವೇ ತೂಗಿ ಹೇಳ್ರಿ" ಎಂದು ಕೈ ಹಿಡಿದರು. ಹೋದೆ. ತಕ್ಕಡಿ ತಂದಿಟ್ಟರು. ನಾನು ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ, ಹೊಗೆಯ ಮಧ್ಯೆ ಕೂತಿದ್ದ ಅಡುಗೆಯವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಅಣ್ಣಾ, ಬೇಳೆ ಬೆಂದರೆ ಏನಾಗುತ್ತೆ, ಮೊದಲು ಅದನ್ನು ಹೇಳಪ್ಪ" ಎಂದೆ.